ಇಪ್ಪತ್ತು ಕಾಡತೂಸು

ಮಾರ್ಚ್ 2, ರವಿವಾರ. ಬೆಳಿಗ್ಗೆ 10

ಹೊಡೆದ ಕಾಡತೂಸಿನ ಖಾಲಿ ಹಿತ್ತಾಳೆ ಕೇಸು ತೊಳೆದು ಬಾಯ್ಲರ್ ಕಪಾಟಿನಲ್ಲಿ ಒಣಗಲು ಇಟ್ಟೆ. ಗಾರ್ಗಿ ಟವೆಲ್ ತೆಗೆಯಲು ಹೋಗಿ ನೋಡಿದಳು.

"ಮದುವ್ಯಾಗಿ ಹತ್ತೊಂಬತ್ತ ವರ್ಷ. ಒಂದ್ ದಿನಾನೂ ದೇವರ ಸಾಮಾನ ಹಿಂಗ ತಿಕ್ಕಿಲ್ಲ ನೀವು."

ನಕ್ಕೆ. ನಗು ಬಂತು ಅಂತಲ್ಲ. ನಗಬೇಕಾದ ಜಾಗ ಅದು, ಅದಕ್ಕೆ.

ಕಾಡತೂಸು ತುಂಬುವ ಪ್ರೆಸ್ಸನ್ನು ಬಾಕ್ಸ್ ರೂಮಿನ ಮೇಜಿಗೆ ಬಿಗಿದದ್ದಾಯಿತು. ಕೋಣೆ ಎಷ್ಟು ಸಣ್ಣದು ಅಂದರೆ ಕುರ್ಚಿ ಹಾಕಿದರೆ ಬಾಗಿಲು ಅರ್ಧವೇ ತೆರೆಯುತ್ತದೆ. ಎರಡು ವರ್ಷ ಅಂಗಡಿಯ ಕಾಡತೂಸು ಹೊಡೆದೆ. ಇನ್ನು ನಾನೇ ತುಂಬಿದ್ದು. ಮದ್ದು ತೂಗುವ ತಕ್ಕಡಿ ಡೆರೆಕ್ ಕೊಟ್ಟದ್ದು. ನಮ್ಮ ರೈಫಲ್ ಕ್ಲಬ್ಬಿನ ಹಿರಿಯ, ವಯಸ್ಸು ಎಪ್ಪತ್ತೊಂದು, ರಿಟೈರ್ಡ್ ಪೋಸ್ಟ್‌ಮ್ಯಾನ್. ನನ್ನ ಬಂದೂಕಿನ ಸರ್ಟಿಫಿಕೇಟಿಗೆ, ಇವನು ನಂಬಿಕಸ್ಥ ಅಂತ ರೆಫರಿಯಾಗಿ ಸಹಿ ಹಾಕಿದವನೂ ಅವನೇ.

ಮಾರ್ಚ್ 6, ಗುರುವಾರ

ರೇನರ್ಸ್ ಲೇನಿನ ಕನ್ನಡಕದ ಅಂಗಡಿಯಲ್ಲಿ ಹದಿನಾರು ಜನರ ಕಣ್ಣು ನೋಡಿದೆ. ಕತ್ತಲೆ ಕೋಣೆ. ಮೊದಲನೇದು ಸ್ಪಷ್ಟವೋ, ಎರಡನೇದೋ? ಈಗ? ಈಗ? ಹನ್ನೊಂದನೆಯವರು ಏನೋ ಉತ್ತರ ಕೊಟ್ಟರು, ಕಿವಿಗೆ ಬೀಳಲಿಲ್ಲ. ಮತ್ತೆ ಕೇಳಿದೆ. ಮತ್ತೂ ತಲೆಗೆ ಹೋಗಲಿಲ್ಲ.

ನಮ್ಮ ಕೆಂಟನ್ನಿಗೆ ಬಂದು ಕಾರಿನಲ್ಲೇ ಕೂತಿದ್ದೆ. ನಲವತ್ತು ನಿಮಿಷ. ಮನೆ ಎದುರಿಗೇ ಇತ್ತು.

ಕಾರಣ ಕೇಳಿದರೆ ಒಂದೂ ಇಲ್ಲ. ಮನೆ ಇದೆ, ಕೆಲಸ ಇದೆ, ಮಗಳು ಐಶ್ವರ್ಯಾ ಚೆನ್ನಾಗಿ ಓದುತ್ತಿದ್ದಾಳೆ. ಆದರೂ ಮೂರು ಗಂಟೆಗಿಂತ ಹೆಚ್ಚು ನಿದ್ದೆ ಬಂದು ತಿಂಗಳುಗಳಾದವು.

ಮಾರ್ಚ್ 8, ಶನಿವಾರ

ಜಿಪಿಗೆ, ಅಂದರೆ ನಮ್ಮ ಡಾಕ್ಟರಿಗೆ, ಫೋನ್ ಮಾಡಲು ಹೊರಟು ಇಟ್ಟುಬಿಟ್ಟೆ.

ಸರ್ಜರಿಯ, ಅವರ ದವಾಖಾನೆಯ, ಕಂಪ್ಯೂಟರಿನಲ್ಲಿ ನನ್ನ ಹೆಸರಿಗೆ ಒಂದು ಗುರುತಿದೆ: ಈತನ ಹತ್ತಿರ ಬಂದೂಕಿದೆ. ಮನಸ್ಸು ಸರಿಯಿಲ್ಲ ಅಂದರೆ ಡಾಕ್ಟರು ಪೊಲೀಸ್ ಲೈಸೆನ್ಸಿಂಗಿಗೆ ತಿಳಿಸಬಹುದು. ಅವರು ಬಂದು ರೈಫಲ್ ಒಯ್ಯಬಹುದು. ವಾರದಲ್ಲಿ ನಾನು ನೆಟ್ಟಗೆ ಉಸಿರಾಡುವುದು ಒಂದೇ ಹೊತ್ತು — ಶೂಟಿಂಗ್ ರೇಂಜಿನಲ್ಲಿ ಮಲಗಿ ಟ್ರಿಗರ್ ಮೇಲೆ ಬೆರಳಿಟ್ಟಾಗ. ಅದೂ ಹೋದರೆ?

ಏನಾದರೂ ಮಾಡಿಕೊಳ್ಳುವ ಯೋಚನೆ ಇಲ್ಲ. ಇಲ್ಲ ಅಂತಲೂ ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ, ಯಾಕೆ ಹೇಳಿದ ಅಂತ ಕೇಳುತ್ತಾರೆ.

ಮಾರ್ಚ್ 23, ರವಿವಾರ. ಮಧ್ಯಾಹ್ನ

ತುಂಬಿದೆ! ಇಪ್ಪತ್ತು ಕಾಡತೂಸು, ಐದೈದರ ನಾಲ್ಕು ಗುಂಪು. ಒಂದೊಂದು ಗುಂಪಿಗೂ ಮದ್ದು ಸ್ವಲ್ಪ ಸ್ವಲ್ಪವೇ ಹೆಚ್ಚು. ಮದ್ದಿನ ಅಳತೆಯ ಪುಸ್ತಕದ ಕೆಳಗಿನ ತೂಕದಿಂದ ಶುರು, ಮೇಲಿನ ಮಿತಿಗಿಂತ ಈಚೆಗೇ ನಿಲ್ಲಿಸಿದೆ. ಯಾವ ತೂಕಕ್ಕೆ ನನ್ನ ರೈಫಲ್ ಐದೂ ಗುಂಡನ್ನು ಹತ್ತಿರ ಹತ್ತಿರ ಇಡುತ್ತದೆ ಅಂತ ನೋಡುವುದು. ಪ್ರತಿಯೊಂದನ್ನೂ ತೂಗಿ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿದ್ದೇನೆ. ಇಪ್ಪತ್ತು ಟಿಕ್.

ನಡುವೆ ಗಾರ್ಗಿ ಚಹಾ ತಂದಳು. ಬಾಗಿಲು ತಕ್ಕಡಿಗೆ ತಾಗಿತು. ಸರಿಮಾಡಿ ಇಟ್ಟೆ.

ಏಪ್ರಿಲ್ 5, ಶನಿವಾರ. ಸಂಜೆ 6

ಆದದ್ದು ಆದಹಾಗೆ ಬರೆಯುತ್ತೇನೆ.

ಸರ್ರೆಯ ರೇಂಜು. ಬಿಸಿಲು. ಮೊದಲ ಗುಂಪು ಪರವಾಗಿಲ್ಲ. ಎರಡನೆಯದು ಐದೂ ಗುಂಡು ಒಂದು ಅಂಗೈಯಗಲದೊಳಗೆ. ಡೆರೆಕ್ ಬೆನ್ನು ತಟ್ಟಿದ. ಎಷ್ಟೋ ತಿಂಗಳ ಮೇಲೆ ಖುಷಿ ಅನ್ನುವುದು ಖುಷಿಯ ಹಾಗೇ ಇತ್ತು.

ಮೂರನೆಯ ಗುಂಪಿನ ಮೊದಲನೆಯದು. ಹೊಡೆದೆ. ಭುಜಕ್ಕೆ ಜೋರಾಗಿ ಒದ್ದಿತು. ಕೇಸು ತೆಗೆಯಲು ಬೋಲ್ಟ್ ಎತ್ತಿದರೆ ಏಳಲಿಲ್ಲ, ಅಂಗೈಯಿಂದ ಬಡಿದು ಎಬ್ಬಿಸಿದೆ.

"ಕೊಳೆ ಕೂತಿರಬೇಕು, ಆಚೆ ಸರಿ ನೀನು," ಅಂದ ಡೆರೆಕ್. "ಮುಂದಿನದು ನಾನು ಹೊಡೀತೀನಿ."

ಮಲಗಿದ. ಕಾಡತೂಸು ಒಳಗೆ ತಳ್ಳಿದ. ಕೆನ್ನೆ ರೈಫಲ್ಲಿಗೆ ಆನಿಸಿದ. ಬಿದ್ದಿದ್ದ ಖಾಲಿ ಕೇಸನ್ನು ನಾನು ಎತ್ತಿಕೊಂಡೆ. ತಳದ ಪ್ರೈಮರ್, ಮದ್ದಿಗೆ ಕಿಡಿ ಕೊಡುವ ಬಿಲ್ಲೆ, ಚಪ್ಪಟೆಯಾಗಿತ್ತು, ಅಂಚೇ ಇಲ್ಲದ ಹಾಗೆ. ಒತ್ತಡ ಮಿತಿ ಮೀರಿದ್ದರ ಗುರುತು. ಇನ್ನೊಂದು ಹೊಡೆದರೆ ರೈಫಲ್ಲೇ ಸಿಡಿಯಬಹುದು.

"ಸ್ಟಾಪ್!" ಕೂಗಿದೆ.

ಇಡೀ ಸಾಲು ತಿರುಗಿ ನೋಡಿತು. ಡೆರೆಕ್ ಬೆರಳು ತೆಗೆದ, ಮೆಲ್ಲಗೆ ಕಾಡತೂಸು ಹೊರಗೆಳೆದ. ಕೇಸನ್ನು ಬಹಳ ಹೊತ್ತು ನೋಡಿದ. ನೋಟ್‌ಬುಕ್ ಕೇಳಿದ.

"ಟಿಕ್ ಹಾಕಿದ್ದೀಯಲ್ಲ. ತೂಗಿದ್ದು ನೆನಪಿದೆಯಾ?"

ನೆನಪಿಲ್ಲ. ಹನ್ನೊಂದರಿಂದ ಇಪ್ಪತ್ತರವರೆಗೆ ಒಂದೂ ನೆನಪಿಲ್ಲ. ನನ್ನದೇ ಕೈಬರಹ, ನನ್ನದೇ ಪೆನ್ನು.

"ನಿದ್ದೆ ಮಾಡ್ತಿದ್ದೀಯಾ?"

"ಹೂಂ," ಅಂದೆ.

ನೋಟ್‌ಬುಕ್ ಮುಚ್ಚಿ ನನ್ನ ಕೈಗೆ ಕೊಟ್ಟ. ಆಮೇಲೆ ಅವನು ಹೇಳಿದ್ದು — ಸಿಟ್ಟಿಲ್ಲದ ದನಿ, ಅದೇ ಹೆಚ್ಚು ಚುಚ್ಚಿತು: "ನಿನ್ನ ಫಾರ್ಮಿಗೆ ಸಹಿ ಹಾಕಿದವನು ನಾನು. ರೈಫಲ್ ಇವತ್ತು ಕ್ಲಬ್ಬಿನ ಆರ್ಮರಿಯಲ್ಲೇ ಬೀಗದೊಳಗೆ ಇರಲಿ. ಸೋಮವಾರ ನೀನು ಡಾಕ್ಟರಿಗೆ ಹೇಳು. ನೀನು ಹೇಳಲಿಲ್ಲ ಅಂದರೆ ಮಂಗಳವಾರ ಲೈಸೆನ್ಸಿಂಗಿಗೆ ನಾನು ಹೇಳಬೇಕಾಗುತ್ತೆ."

ರೈಫಲ್ ಬಿಟ್ಟು ಬಂದೆ. ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು.

ಅವನ ಕೆನ್ನೆ. ಆ ಬೋಲ್ಟಿನ ಪಕ್ಕದಲ್ಲೇ ಇತ್ತು.

ಏಪ್ರಿಲ್ 6, ರವಿವಾರ. ಮಧ್ಯಾಹ್ನ 3

ಉಳಿದ ಒಂಬತ್ತನ್ನೂ ಬಿಚ್ಚಿದೆ. ಅದಕ್ಕೊಂದು ಸುತ್ತಿಗೆ ಬರುತ್ತದೆ, ಕಾಡತೂಸು ಅದರೊಳಗಿಟ್ಟು ಬಡಿದರೆ ಗುಂಡು ಸಡಿಲಾಗಿ ಮದ್ದು ಹೊರಗೆ. ತೂಗಿದೆ. ಒಂಬತ್ತೂ ಜಾಸ್ತಿ. ಬಾಗಿಲು ತಾಗಿದಾಗ ತಕ್ಕಡಿಯ ದಂಡದ ಮೇಲೆ ಜಾರುವ ತೂಕ ಒಂದು ಗೀಟು ಆಚೆ ಸರಿದಿರಬೇಕು. ನೋಡಿದರೆ ಕಾಣುವಂಥದ್ದೇ. ಬೇರೆಯವರ ಕಣ್ಣು ನೋಡುವುದೇ ನನ್ನ ಕೆಲಸ. ಎಲ್ಲವೂ ಪುಸ್ತಕದ ಮಿತಿಯನ್ನೇ ದಾಟಿದ್ದವು, ಕೊನೆಯ ಐದಂತೂ ಬಹಳ.

ಸಪ್ಪಳಕ್ಕೆ ಗಾರ್ಗಿ ಬಂದಳು. ಬಾಗಿಲು ಅರ್ಧ ತೆರೆದು ನಿಂತಳು.

"ಏನ್ರೀ ಇದು? ತುಂಬಿದ್ದು ಮತ್ತ್ಯಾಕ ಬಿಚ್ಚಾಕತ್ತೀರಿ?"

ಹೇಳಿದೆ. ಡೆರೆಕ್ ಮಲಗಿದ್ದು, ಟಿಕ್ಕು, ನಿದ್ದೆ, ಕಾರಿನಲ್ಲಿ ಕೂತಿದ್ದು. ಹೇಳುತ್ತಾ ಹೇಳುತ್ತಾ ಅಳು ಬಂತು. ಅವಳು ಒಳಗೆ ಬರುವಷ್ಟು ಜಾಗವಿರಲಿಲ್ಲ. ಕುರ್ಚಿ ಸಮೇತ ನನ್ನನ್ನು ಹಿಂದಕ್ಕೆ ನೂಕಿ ಬಂದಳು.

"ಕಾರಿನ್ಯಾಗ ಕೂಡೂದು ಗೊತ್ತದ. ಮ್ಯಾಲಿನ ಕಿಡಕ್ಯಾಗಿಂದ ದಿನಾ ನೋಡ್ತೀನಿ."

"ಕೇಳಲಿಲ್ಲ ಯಾಕ?"

"ಕೇಳಿದ್ರ ಅಲ್ಲಿಗೂ ಬರೂದು ಬಿಡ್ತೀರಿ ಅಂತ ಅಂಜಿಕಿ."

"ಡಾಕ್ಟರಿಗೆ ಹೇಳಿದ್ರ ಬಂದೂಕು ಒಯ್ತಾರ, ಗಾರ್ಗಿ."

"ಒಯ್ಲಿ ಬಿಡ್ರಿ."

"ನಿನಗ ತಿಳ್ಯಾಂಗಿಲ್ಲ. ನನಗ ಅದೊಂದ —"

"ತಿಳೀತದ," ಅಂದಳು. "ಅದೊಂದ ಅಂದ್ರಲ್ಲ, ಅದಕ್ಕ ಅಂತೀನಿ."

ಬಾಗಿಲ ಹೊರಗೆ ಐಶ್ವರ್ಯಾ. "ಈಸ್ ಅಪ್ಪಾ ಓಕೆ?" ಅಂತ ಅಮ್ಮನನ್ನು ಕೇಳಿದಳು, ನನ್ನನ್ನಲ್ಲ.

"ಇಲ್ಲ," ಅಂದಳು ಗಾರ್ಗಿ. ಸುಳ್ಳು ಹೇಳಲಿಲ್ಲ.

ಏಪ್ರಿಲ್ 7, ಸೋಮವಾರ. 7:58

ಸರ್ಜರಿಯ ಲೈನು ಎಂಟಕ್ಕೆ ತೆರೆಯುತ್ತದೆ. ಮೆಟ್ಟಿಲ ಮೇಲೆ ಕೂತಿದ್ದೇನೆ. ಗಾರ್ಗಿ ಕೆಳಗಿನ ಮೆಟ್ಟಿಲಲ್ಲಿ, ಆಫೀಸಿಗೆ ತಡ ಅಂತ ಹೇಳಿ ಕಳಿಸಿ.

8:00. ಎಂಗೇಜ್.

8:02. ಲೈನು ಸಿಕ್ಕಿತು. ನೀವು ಸಾಲಿನಲ್ಲಿ ಹದಿಮೂರನೆಯವರು, ಅಂತ ಯಂತ್ರದ ದನಿ. ಪಿಟೀಲು ಸಂಗೀತ. ಈ ಕೈಯಲ್ಲಿ ಫೋನು, ಆ ಕೈಯಲ್ಲಿ ಪೆನ್ನು. ಬರೆಯದಿದ್ದರೆ ಇಟ್ಟುಬಿಡುತ್ತೇನೆ.

8:19. ಆರು. ರೈಫಲ್ ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ಡೆರೆಕ್ ಮೆಸೇಜ್ ಕಳಿಸಿದ್ದಾನೆ — ಏನೇ ಆಗಲಿ ಶನಿವಾರ ಬಾ, ಟಾರ್ಗೆಟ್ ಅಂಟಿಸುವ ಕೆಲಸವಿದೆ.

8:27. ಎರಡು. ಏನಂತ ಶುರು ಮಾಡಲಿ? ನಿದ್ದೆ ಅಂತಲೋ? ಗಾರ್ಗಿ, "ನಿನ್ನೆ ನನಗ ಹೇಳಿದಂಗ ಹೇಳ್ರಿ," ಅಂತಾಳೆ.

ಎತ್ತಿದರು. ಹೆಣ್ಣು ದನಿ. ಹೆಸರು, ಹುಟ್ಟಿದ ತಾರೀಖು. ತೊಂದರೆ ಏನು ಅಂತ ಕೇಳುತ್ತಿದ್ದಾಳೆ. ನನಗೆ—