ಅಕ್ಕಿ ಡಬ್ಬದ ಹಿಂದಿನ ಚೊಂಬು

ಕೊಳ್ಳೇಗಾಲ
೧೨ ಆಗಸ್ಟ್ ೨೦೨೫

ಶಾಗ್ಯದಲ್ಲಿರುವ ಅವ್ವನಿಗೆ ಮಗಳು ಕುಸುಮಳ ನಮಸ್ಕಾರ.

ಮೊದಲು ಇದು ಹೇಳು, ಅಪ್ಪ ಹೇಗಿದ್ದಾನೆ? ಕೆಮ್ಮು ಹೆಚ್ಚಾಗಿಲ್ಲ ತಾನೇ? ಯಾಕೆ ಕೇಳುತ್ತಿದ್ದೇನೆಂದು ಕೆಳಗೆ ಬರೆದಿದ್ದೇನೆ, ಬಯ್ಯಬೇಡ. ಫೋನಿನಲ್ಲಿ ಹೇಳಿದರೆ ಗುಲ್‌ಬಾಯಮ್ಮನವರ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಕಾಗದ.

ನಾನು ನೋಡಿಕೊಳ್ಳುವ ಈ ಪಾರ್ಸಿ ಅಜ್ಜಿ ಗುಲ್‌ಬಾಯಮ್ಮನವರ ಒಬ್ಬನೇ ಮಗ ಕೈಖುಶ್ರು ಮುಂಬೈಯಲ್ಲಿ ತೀರಿಕೊಂಡು ತಿಂಗಳಾಯಿತು. ಅಜ್ಜಿಗೆ ಎದೆಯ ಕಾಯಿಲೆ. ತಾನೇ ಬಂದು ಹೇಳುವವರೆಗೆ ಬಾಯಿ ಬಿಡಬಾರದೆಂದು ಸೊಸೆ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಅಜ್ಜಿ ದಿನವೂ "ಮಗ ಫೋನ್ ಮಾಡಿದ್ನಾ?" ಅನ್ನುತ್ತಾರೆ. "ಲೈನ್ ಸಿಕ್ತಿಲ್ಲ ಅಮ್ಮೋರೆ" ಅನ್ನುತ್ತೇನೆ. ಸುಳ್ಳು ಹೇಳಿ ಹೇಳಿ ಅನ್ನ ಸೇರುತ್ತಿಲ್ಲ.

ಈಗ ಅವರ ಮುಕ್ತಾದ್, ಪಾರ್ಸಿ ವರ್ಷದ ಕೊನೆಯ ಹತ್ತು ದಿನ. ನಮ್ಮ ಪಿತೃಪಕ್ಷದ ಹಾಗೆಯೇ, ಆದರೆ ಇಲ್ಲಿ ಹೂವಿಗೆ ಹೆಚ್ಚು ಮರ್ಯಾದೆ. ಪ್ರತಿಯೊಬ್ಬರಿಗೂ ಫ್ರವಶಿ ಎಂಬ ಕಾಯುವ ದೈವ ಇರುತ್ತದಂತೆ. ತೀರಿಕೊಂಡವರ ಫ್ರವಶಿಗಳು ಈ ದಿನಗಳಲ್ಲಿ ಮನೆಗೆ ಬರುತ್ತವಂತೆ. ಒಬ್ಬೊಬ್ಬರಿಗೆ ಒಂದು ಬೆಳ್ಳಿಯ ಹೂದಾನಿ; ಬೆಳಿಗ್ಗೆ ನೀರು ಬದಲಾಯಿಸಿ, ಹೆಸರು ಹಿಡಿದು ಪ್ರಾರ್ಥನೆ. ಗಂಡನಿಗೆ, ಅತ್ತೆಗೆ, ಮಾವನಿಗೆ ಇಟ್ಟರು. ಮಗನಿಗೆ ಹೇಗೆ ಇಡುತ್ತಾರೆ?

ನನಗೆ ತಡೆಯಲಾಗಲಿಲ್ಲ ಅವ್ವಾ. ಮನೆಗೆ ಬಂದ ಮಗ ಒಂದು ಹೂವೂ ಇಲ್ಲದೆ ಬಾಗಿಲಲ್ಲೇ ನಿಲ್ಲಬೇಕೇ? ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಸ್ಟೀಲ್ ಚೊಂಬಿನಲ್ಲಿ ಸುಗಂಧರಾಜ ಇಟ್ಟೆ. ನಿನ್ನೆ ಅಜ್ಜಿ ಕೋಲೂರಿಕೊಂಡು ಬಂದು ನೋಡಿಯೇಬಿಟ್ಟರು. "ಇದ್ಯಾರ್ಗವ್ವ?" ಅಂದರು. "ನಮ್ಮಪ್ಪುಂಗೆ ಅಮ್ಮೋರೆ, ಚಿಕ್ಕಮಾದಪ್ಪ ಅಂತ" ಎಂದುಬಿಟ್ಟೆ! ಅವರು ಚೊಂಬನ್ನು ಬೆಳ್ಳಿ ಹೂದಾನಿಗಳ ಸಾಲಿಗೇ ಇಡಿಸಿ, ತೀರಿಕೊಂಡವರ ಜೊತೆ ಅಪ್ಪನ ಹೆಸರನ್ನೂ ಹೇಳಿ ಕೈಮುಗಿದರು.

ಬದುಕಿರುವ ಅಪ್ಪನಿಗೆ ನಾನೇ ಕೇಡು ತಂದೆನೋ ಏನೋ. ಬೆಟ್ಟದ ಮಾದಪ್ಪನಿಗೆ ಒಂದು ಹರಕೆ ಕಟ್ಟು, ಅಪ್ಪನಿಗೆ ಮಾತ್ರ ಹೇಳಬೇಡ.

ನಿನ್ನ ಪೆದ್ದು ಮಗಳು,
ಕುಸುಮ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಅಜ್ಜಿ ಕರೆದರು. "ನಿಮ್ಮಪ್ಪ ಬದುಕವ್ನೆ ಅಂತ ನಂಗೊತ್ತು ಕಣವ್ವ. ಓದ ವಾರ ತಾನೆ ನೀನೇ ಬೀಡಿ ಬುಡು ಅಂತ ಅವನ್ಗೆ ಫೋನಲ್ಲಿ ಬಯ್ತಿದ್ದೆ. ಫ್ರವಶಿ ಬದುಕಿರೋರ್ಗೂ ಇರ್ತದೆ, ಅವನ್ಗೇನೂ ಆಗಲ್ಲ" ಅಂದರು. ಆಮೇಲೆ ಚೊಂಬಿನ ಹೂವನ್ನು ಸರಿಮಾಡುತ್ತಾ, "ನಾಳೆ ಕೈಖುಶ್ರು ಎಸ್ರು ಯೋಳ್ಲಾ?" ಎಂದು ಕೇಳಿದರು. ಆಣೆ ಮುರಿಯಲಿಲ್ಲ ಅವ್ವಾ. ಬಾಯಿ ಬಿಡಲಿಲ್ಲ, ಹೌದೆಂದು ತಲೆಯಷ್ಟೇ ಆಡಿಸಿದೆ.