ಒಂದು ಬಲ್ಬಿನಷ್ಟು ಹಳ್ಳ

ವನಗೂರು, 14-3-1998

ಅಪ್ಪನಿಗೆ ಶಿವಲೀಲಾಳ ನಮಸ್ಕಾರ.

ಶಕ್ತಿನಗರದಲ್ಲಿ ನೀವು ಕಲ್ಲಿದ್ದಲು ಸುಟ್ಟು ಮಾಡುವ ಕರೆಂಟು ಈ ಗುಡ್ಡದ ನಾಲ್ಕಾರು ಮನೆಗಳಿಗೆ ಇನ್ನೂ ಬಂದಿಲ್ಲ. ಹಳ್ಳಕ್ಕೆ ಕೂರಿಸಿದ ಡೈನಮೊದಿಂದಲೇ ಬೆಳಕು. ಬೇಸಿಗೆಯಾದ್ದರಿಂದ ನೀರು ಇಳಿದು, ಈಗ ಒಂದೇ ಬಲ್ಬಿಗೆ ಸಾಲುತ್ತದೆ. ತೀರಾ ಅಗತ್ಯವಿದ್ದವರ ಮನೆಗೆ ಅದನ್ನು ಬಿಟ್ಟುಕೊಟ್ಟು ಉಳಿದವರು ಸ್ವಿಚ್ ಮುಟ್ಟುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ನಿನ್ನೆ ಸಂಜೆ ಶಾಲೆಯಿಂದ ಬಂದವಳೇ ಲೈಟು ಹಾಕಿದೆ. ಪಕ್ಕದ ಮನೆಯ ಗಿಡ್ಡಯ್ಯ ಓಡಿ ಬಂದರು.

"ಆರ್ಸಿ ಟೀಚ್ರೇ! ಅವ್ವಂಗೆ ಉಸ್ರು ಸಿಕ್ತಿಲ್ಲ. ನಮ್ಮನೇಲಿ ಅವ್ಳ ಮುಖಾನೇ ಕಾಣ್ದಂಗೆ ಆಗ್ಬುಟ್ಟೈತೆ."

ಆರಿಸಿದೆ. ಎಲ್ಲರಂತೆ ಜಗಲಿಯಲ್ಲಿ ಕೂತು ಆ ಒಂದು ಬೆಳಕನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಗಿಡ್ಡಯ್ಯನ ಮನೆಯವರು ಬಲ್ಬು ಆರಿಸಿ, ಆ ಅಜ್ಜಿಯ ತಲೆಯ ಬಳಿ ಎಣ್ಣೆದೀಪ ಹಚ್ಚಿಟ್ಟರು.

ಹಳ್ಳ, ಗಾಳಿ ನಂಬಿಕೊಂಡು ದೇಶ ನಡೆಯುವುದಿಲ್ಲ ಎಂದು ನೀವು ವಾದಿಸುತ್ತಿದ್ದಿರಿ. ಸಾಲುವುದಿಲ್ಲ ಎನ್ನುವುದನ್ನು ಕಣ್ಣಾರೆ ಕಂಡೆ, ಒಪ್ಪಿದೆ.

ನನ್ನ ಕೆಮ್ಮು ಕಡಿಮೆಯಾಗಿದೆ, ಅವ್ವನಿಗೆ ಹೇಳಿ. ಟಪಾಲು ಒಯ್ಯುವ ಜೀಪು ಹಾರ್ನ್ ಹೊಡೆಯುತ್ತಿದೆ.

ಒಂದು ಮಾತು ಉಳಿಯಿತು. ಅಜ್ಜಿ ಹೋದ ಮೇಲೆ ಆ ಕರೆಂಟನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದಿತ್ತು. ಬೆಳಗಾಗುವವರೆಗೆ ಯಾರ ಮನೆಯಲ್ಲೂ ಬಲ್ಬು ಹತ್ತಲಿಲ್ಲ.

ಶಿವಲೀಲಾ