ಮೊದಲ ನೀರು

ಜನವರಿ 8, ಬೆಳಗ್ಗೆ 5.40
ಮಾಲೀಶು ಮುಗೀತು. ಒಂಬತ್ತು ಕುದುರೆ, ಏಳು ಜನ. ಹಾಸನದಲ್ಲಿ ಪೊಲೀಸರಿಗೆ ಕುದುರೆ ತುಕಡಿ ಯಾಕ್ರೀ ಅಂತ ಹೊಸ ಸಾಹೇಬರು ಮತ್ತೆ ಕೇಳಿದ್ರಂತೆ. ಒಂದು ತಪ್ಪು ಸಿಕ್ಕಿದ್ರೆ ಸಾಕು, ಮುಚ್ಚಿಬಿಡ್ತಾರೆ. ಇಪ್ಪತ್ತಾರರ ಪೆರೇಡಲ್ಲಿ ನನ್ನ ಕಬಿನಿ ಮುಂದಿನ ಸಾಲು. ಹನ್ನೊಂದು ವರ್ಷದಿಂದ ನಾನೇ ಅವಳ ಸವಾರ. ಮಕ್ಕಳ ಹುಟ್ಟಿದಬ್ಬ ಮರೀತೀರಿ, ಅವಳಿಗೆ ಲಾಳ ಕಟ್ಟೋ ದಿನ ಮರೆಯಲ್ಲ ಅಂತಾಳೆ ಹೆಂಡತಿ. ನಿಜ.

ಜನವರಿ 11, ಸಂಜೆ
ಚನ್ನರಾಯಪಟ್ಟಣದ ಬೋರಪ್ಪ ಬಂದಿದ್ದ. ಮದುವೆ ಮೆರವಣಿಗೆಗೆ ಕುದುರೆ ಕೊಡೋನು. ಆರು ವರ್ಷದ ಹಿಂದೆ ನಮ್ಮಲ್ಲಿ ರಿಟೈರಾಗಿ ಹರಾಜಾದ ಸುಲ್ತಾನ್ ಅವನ ಹತ್ರ ಇದೆ. ವ್ಯಾನಿಂದ ಇಳಿಸಿದ. "ಇಲ್ಲೇ ಒಂದು ಮೆರವಣ್ಗೆ ಇತ್ತು ಸಾ. ಅಳೇ ಮನೆ ನೋಡ್ಕಂಡೋಗ್ಲಿ ಅಂತ ಕರ್ಕಂಬಂದೆ." ಎಂಥಾ ಕುದುರೆ ಹೆಂಗಾಗಿದೆ! ಪಕ್ಕೆಲುಬು ಎಣಿಸಬಹುದು.
ಅರಸರ ಕಾಲದ ದಳದಿಂದ ಬಂದ ಪದ್ಧತಿ ನಮ್ಮದು — ಹಿರಿ ಕುದುರೆಗೆ ಮೊದಲ ನೀರು, ನಿವೃತ್ತಿ ಆಗಿದ್ರೂ ಸರಿ. ಮಿಕ್ಕವು ಆಮೇಲೆ, ಅದೇ ತೊಟ್ಟೀಲಿ.
ಕಾನ್‌ಸ್ಟೇಬಲ್ ಆಶಾರಾಣಿ ಅಡ್ಡ ಬಂದಳು. "ಸಾ, ಮೂಗು ಸೋರ್ತೈತೆ. ಬ್ಯಾರೆ ಬಕೀಟಲ್ಲಿ ಕೊಡಾನ."
"ನಿನ್ನೆ ಮೊನ್ನೆ ಲಗಾಮು ಹಿಡಿದೋಳು, ನಂಗೇ ಪದ್ಧತಿ ಹೇಳ್ತೀಯೇನಮ್ಮ?" ಅಂದೆ. ಎಲ್ಲರ ಮುಂದೆ. ಸುಲ್ತಾನ್ ಕುಡಿದ. ಆಮೇಲೆ ಕಬಿನಿ.

ಜನವರಿ 26
ಪೆರೇಡ್ ಚೆನ್ನಾಗಾಯ್ತು. ಸಾಹೇಬರೇ ಬಂದು ಕಬಿನಿ ಕತ್ತು ತಟ್ಟಿದ್ರು. ಉಸ್ಸಪ್ಪಾ.

ಫೆಬ್ರವರಿ 9
ಕಬಿನಿ ಮೂಗಲ್ಲಿ ಹಳದಿ ಕೀವು. ತೊಡೆ ಒಳಗೆ ಗಂಟು. ಕುದುರೆ ಡಾಕ್ಟರ್ ವರ್ಷಾ ರಕ್ತ ತಗೊಂಡರು. ಗ್ಲಾಂಡರ್ಸ್ ಇರಬಹುದಂತೆ. ಒಂದೇ ತೊಟ್ಟಿ ನೀರಿಂದಲೂ ಹರಡೋ ರೋಗ; ಅದು ಬಂದ ಕುದುರೇನ ಕೊಲ್ಲಲೇಬೇಕು, ಜನಕ್ಕೂ ಅಂಟುತ್ತೆ.
"ಹೊರಗಿನ ಕುದುರೆ ಯಾವುದಾದ್ರೂ ಬಂದಿತ್ತಾ?"
ಇಲ್ಲ ಅಂದೆ. ಹೂಂ ಅಂದಿದ್ರೆ ತುಕಡಿ ಉಳೀತಿತ್ತಾ? ಆಶಾರಾಣಿ ನನ್ನನ್ನೇ ನೋಡಿದಳು. ಆಮೇಲೆ ಬಕೆಟ್ ಎತ್ತಿಕೊಂಡು ಹೊರಟಳು. ಇಷ್ಟು ದಿನ ಕಬಿನಿ ಮೂಗು ಒರೆಸಿದ್ದು ಅವಳೇ, ಬರೀ ಕೈಲಿ.

ಫೆಬ್ರವರಿ 17
ಆಶಾರಾಣಿ ರಜೆ. ಜ್ವರವಂತೆ. ಬಿಸಿಲಿಗಿರಬೇಕು… ಬಿಸಿಲಿಗೇ.

ಫೆಬ್ರವರಿ 21
ನಿನ್ನೆ ರಿಪೋರ್ಟ್ ಬಂತು, ಗ್ಲಾಂಡರ್ಸೇ. ಇವತ್ತು ಇಂಜೆಕ್ಷನ್.
ಕೊನೇಲಿ ಹಗ್ಗ ಸವಾರನೇ ಹಿಡೀಬೇಕು, ಅದೂ ಪದ್ಧತಿ. ಬಿಳೀ ಸೂಟು, ಮಾಸ್ಕು, ಕನ್ನಡಕ. ನನ್ನ ಗುರುತು ಸಿಗದೆ ಬೆದರಿ ಹಿಂದೆ ಸರಿದಳು. "ಬಾರವ್ವ, ನಾನು ಕಣೆ" ಅಂದೆ. ದನಿ ಕೇಳಿ ಕಿವಿ ತಿರುಗಿಸಿದಳು. ಗುಂಡಿವರೆಗೂ ನನ್ನ ಹಿಂದೇನೇ ಬಂದಳು.
ಸುಣ್ಣ ಸುರಿದು ಜೆಸಿಬೀಲಿ ಮುಚ್ಚಿದ್ರು. ನಾನು ಪಾಪಿ.

ಫೆಬ್ರವರಿ 23
ಬೋರಪ್ಪನಿಗೆ ಫೋನ್. ಸುಲ್ತಾನ್ ಸಂಕ್ರಾಂತಿ ಕಳೆದ ವಾರಕ್ಕೇ ಸತ್ತಿದ್ದಾನೆ. "ನಿಮ್ಗೆ ಬೇಜಾರಾಯ್ತದೆ ಅಂತ ಏಳ್ನಿಲ್ಲ ಸಾ. ಮಿಕ್ಕ ಎಲ್ಡು ಕುದ್ರೆಗೂ ಸೀತ. ನಾಳೀಕೆ ಮದ್ವೆ ಬ್ಯಾರೆ ಅದೆ."
ಹೋಗಬೇಡ ಕಣೋ ಅಂತ ಕಿರುಚಿದೆ. ಯಾಕ್ ಸಾ ಅಂದ. ಫೋನ್ ಕಟ್ ಮಾಡಿದೆ.

ಫೆಬ್ರವರಿ 24, ಆಸ್ಪತ್ರೆ
ಬೆಳಗ್ಗೆ ಹೇಳಿಬಿಟ್ಟೆ. ವರ್ಷಾ ಮೇಡಮ್‌ಗೆ, ಸಾಹೇಬರಿಗೆ. ಎಲ್ಲಾನೂ. ಲಾಯಕ್ಕೆ ಬೀಗ ಹಾಕಿದ್ರು, ಮಿಕ್ಕ ಎಂಟೂ ಒಳಗೇ. ಬೋರಪ್ಪನ ಹತ್ರ ಜೀಪು ಹೋಗಿದೆ.
ಆಶಾರಾಣಿ ಬೇರೆ ರೂಮಲ್ಲಿ. ಮೂಗಿಗೆ ಆಕ್ಸಿಜನ್. ಬಾಗಿಲಾಚೆಯಿಂದಲೇ ಮಾತಾಡಿ ಅಂದಳು ನರ್ಸ್.
"ಕಬಿನಿ ಮೇವು ತಿಂತಾವ್ಳಾ ಸಾ?"
ಕಬಿನಿ ಹೋದದ್ದು ಯಾರೂ ಹೇಳಿಲ್ಲ ಇವಳಿಗೆ.
"ಅವತ್ತು ಎಲ್ರ ಮುಂದೆ ನಿಮ್ಗೆ ಎದುರಾಡ್‌ಬಾರ್ದಿತ್ತು. ತೆಪ್ಪಾಯ್ತು ಸಾ. ಕ್ವಾಪ ಇಲ್ಲ ತಾನೆ?"
ನಾನು ಟೋಪಿ ತೆಗೆದು, "ತಪ್ಪು ನಂದು ಕಣಮ್ಮ" ಅಂದೆ.